ದಂಡೆಯ ಮೇಲೆ ಮೊದಲ ಕೈ

ಕೋಳಿ ಕೂಗುವುದರೊಳಗೆ ಕೇಶರಬಾಯಿ ಮುಗಿಸುವ ಕೆಲಸಗಳು ಇವು. ಹಾಸಿಗೆ ಮಡಚುವುದು. ನಳ ಬರುವ ದಿನವಾದರೆ ನೀರು ತುಂಬುವುದು, ಬಾರದ ದಿನವಾದರೆ ಇದ್ದ ನೀರನ್ನು ಸ್ನಾನಕ್ಕಿಷ್ಟು, ಪಾತ್ರೆಗಿಷ್ಟು ಎಂದು ಮನಸ್ಸಿನಲ್ಲೇ ಹಂಚುವುದು. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು. ರಾತ್ರಿಯ ಪಲ್ಯ ಕೆಟ್ಟಿದೆಯೋ ಇಲ್ಲವೋ ಮೂಸಿ ನೋಡುವುದು. ಗಂಡನ ಬೆನ್ನಿಗೆ ಎಣ್ಣೆ ತಿಕ್ಕುವುದು, ಅವನ ಮಾತ್ರೆಗಳನ್ನು ಬಟ್ಟಲಿನಲ್ಲಿ ತೆಗೆದಿಡುವುದು, ಅವನು ಅವನ್ನು ಮರೆಯದಂತೆ ಬಟ್ಟಲನ್ನು ಚಹಾದ ಡಬ್ಬಿಯ ಮೇಲೇ ಇಡುವುದು. ಒಲೆಯ ಬೂದಿ ಜರಡಿ ಹಿಡಿದು ಡಬ್ಬಿಗೆ ತುಂಬುವುದು. ಈಳಿಗೆಯ ಅಲಗನ್ನು ಕಲ್ಲಿಗೆ ಎರಡು ಸಲ ಎಳೆಯುವುದು. ಗೋಣಿಚೀಲ ನೆನೆಸಿ ಹಿಂಡುವುದು. ಕೊನೆಯದು, ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯದ್ದು: ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಮಲಗಿದವನಿಗೆ ಎಚ್ಚರವಾಗದ ಹಾಗೆ ಬಾಗಿಲು ಎಳೆದುಕೊಳ್ಳುವುದು.

ಇಷ್ಟಾದ ಮೇಲೆ ಅವಳು ದುಡಿಯಲು ಹೊರಡುತ್ತಾಳೆ.

ಭಾಲ್ಕಿಯ ರೈಲು ಗೇಟಿನ ಹತ್ತಿರ ಜೀಪು ನಿಂತಿರುತ್ತದೆ. ಒಬ್ಬರ ಮೊಣಕಾಲು ಇನ್ನೊಬ್ಬರ ಬುಟ್ಟಿಯಲ್ಲಿ ಎಂಬಂತೆ ಮೀನು ಮಾರುವ ಹೆಂಗಸರು ಅದರಲ್ಲಿ ತುಂಬಿಕೊಳ್ಳುತ್ತಾರೆ. ಜೀಪು ಕಾರಂಜಾ ಡ್ಯಾಮಿನ ಹಿನ್ನೀರಿನ ಕಡೆ ಹೋಗುತ್ತದೆ. ದಾರಿಯಲ್ಲಿ ಕಬ್ಬಿನ ಹೊಲಗಳು ಮುಗಿದು, ತಣ್ಣನೆಯ ಗಾಳಿ ಒಮ್ಮೆಲೇ ಮುಖಕ್ಕೆ ಬಡಿಯುವ ಒಂದು ತಿರುವಿದೆ. ಅಲ್ಲಿಗೆ ಬಂದಾಗ ಕೇಶರಬಾಯಿ ಮಾತು ನಿಲ್ಲಿಸುತ್ತಾಳೆ. ಐವತ್ತೈದು ದಾಟಿದ ಹೆಂಗಸು. ದಿನವಿಡೀ ಯಾರಿಗಾದರೂ ಏನನ್ನಾದರೂ ಹೇಳುತ್ತಲೇ ಇರಬೇಕಾದವಳು. ಆ ತಿರುವಿನಿಂದ ದಂಡೆಯ ತನಕದ ದಾರಿಯಲ್ಲಿ ಮಾತ್ರ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ.

ದಂಡೆಯಲ್ಲಿ ಉಸ್ಮಾನ ಮಿಯಾನ ದೋಣಿ ಬಂದು ತಾಗುತ್ತದೆ. ರಾತ್ರಿ ಬಿಟ್ಟ ಬಲೆಯ ಮೀನನ್ನು ಅವನು ಹಸಿ ಗೋಣಿಯ ಮೇಲೆ ಸುರುವುತ್ತಾನೆ. ಆಗ ಯಾರೂ ಮುಂದೆ ನುಗ್ಗುವಂತಿಲ್ಲ. ಅದು ಆ ದಂಡೆಯ ಕಟ್ಟಳೆ. ಮೊದಲು ಒಬ್ಬ ಹೆಂಗಸು ರಾಶಿಗೆ ಕೈ ಹಾಕಿ ತನಗೆ ಬೇಕಾದ ಮೀನು ಆರಿಸಿಕೊಳ್ಳಬೇಕು. ಅವಳು ಕೈ ಇಟ್ಟದ್ದು ಅವಳದೇ. ಆಮೇಲೆ ಉಳಿದ ಹೆಂಗಸರು. ಎಲ್ಲರೂ ಮುಗಿಸಿದ ಮೇಲೆ ಐಸ್ ಡಬ್ಬಿ, ದೊಡ್ಡ ತಕ್ಕಡಿ ತಂದ ವ್ಯಾಪಾರಿಗಳು.

ಮೊದಲು ಹೀಗಿರಲಿಲ್ಲ. ಹೈದರಾಬಾದಿನ ಕಡೆಯ ವ್ಯಾಪಾರಿಗಳು ರಾಶಿಗೆ ರಾಶಿಯೇ ಎತ್ತಿಕೊಂಡು ಹೋಗಿ, ಮೆತ್ತಗಾದವು, ಹೊಟ್ಟೆ ಒಡೆದವು ಹೆಂಗಸರ ಪಾಲಿಗೆ ಉಳಿಯುತ್ತಿದ್ದವು. ತುಳಜಮ್ಮ ಎಂಬ ಮುದುಕಿ ಒಂದು ಮುಂಜಾನೆ ಮೀನಿನ ರಾಶಿಯ ಮೇಲೆ ಸೆರಗು ಹಾಸಿ ಕೂತೇಬಿಟ್ಟಳು. "ಮೊದಲ ನಮ್ಮ ಕೈ, ಆಮ್ಯಾಲ ನಿಮ್ಮ ತಕ್ಕಡಿ. ಇಲ್ಲಂದ್ರ ನನ್ನೂ ತೂಕ ಮಾಡಿ ಒಯ್ರಿ," ಎಂದಳಂತೆ. ದೋಣಿಯವರು ನಕ್ಕರು, ನಕ್ಕ ಮೇಲೆ ಒಪ್ಪದೆ ಗತಿಯಿರಲಿಲ್ಲ. ಕಣ್ಣು ಮಂಜಾದಾಗ ತುಳಜಮ್ಮ ಎಲ್ಲರ ಎದುರಿಗೆ ಕೇಶರಬಾಯಿಯ ಕೈ ಹಿಡಿದು ರಾಶಿಯ ಮೇಲಿಟ್ಟಳು. ಅಂದಿನಿಂದ ಮೊದಲ ಕೈ ಕೇಶರಬಾಯಿಯದು. ಒಂದೇ ಷರತ್ತು: ಮೊದಲ ಕೈಯವಳು ಸತತ ಒಂದು ವಾರ ದಂಡೆಗೆ ಬಾರದಿದ್ದರೆ ಪಾಳಿ ಮುಂದಿನವಳಿಗೆ ಹೋಗುತ್ತದೆ, ಮತ್ತೆ ವಾಪಸು ಬರುವುದಿಲ್ಲ. ಬಾಣಂತನ, ಜ್ವರ, ಸಾವು ಯಾವುದಕ್ಕೂ ವಿನಾಯಿತಿ ಇಲ್ಲ. ಕೇಶರಬಾಯಿಯ ನಂತರದವಳು ಸುಮನ, ಮೂವತ್ತರ ಹೆಣ್ಣುಮಗಳು, ಚುರುಕು ಬಾಯಿಯವಳು.

"ಕೇಶರಕ್ಕ, ನಿಂಗ ಒಂದ್ ಸಲ ಛಲೋ ಜಡ್ಡ ಬರ್ಲಿ ಅಂತ ನಾ ದಿನಾ ಬೇಡ್ಕೊಳ್ತೇನಿ ನೋಡು," ಎನ್ನುತ್ತಾಳೆ ಸುಮನ ಜೀಪಿನಲ್ಲಿ.

"ಬೇಡ್ಕೋ ಬೇಡ್ಕೋ. ಜಡ್ಡಿಗೂ ನನ್ನ ಮನಿಗೆ ಬರ್ಲಿಕ್ಕ ಪುರಸೊತ್ತ ಬೇಕಲ್ಲ," ಎನ್ನುತ್ತಾಳೆ ಇವಳು.

ಕೇಶರಬಾಯಿ ಮೀನು ಆರಿಸುವುದನ್ನು ನೋಡಬೇಕು. ಕಣ್ಣು ನೋಡುತ್ತಾಳೆ, ಕಿವಿರು ಎತ್ತಿ ನೋಡುತ್ತಾಳೆ. ಅದನ್ನು ಎಲ್ಲರೂ ಮಾಡುತ್ತಾರೆ. ಅವಳು ಹೆಬ್ಬೆರಳಿನಿಂದ ಬೆನ್ನಿನ ಮೇಲೆ ಒತ್ತಿ, ತಗ್ಗು ಎಷ್ಟು ಬೇಗ ತುಂಬಿ ಬರುತ್ತದೆಂದು ನೋಡುತ್ತಾಳೆ. ಬೆರಳಿಗೆ ಹತ್ತಿದ ಲೋಳೆಯನ್ನು ಬೆಳಕಿಗೆ ಹಿಡಿಯುತ್ತಾಳೆ. ಅದು ಅನ್ನದ ಗಂಜಿಯಂತೆ ಮಬ್ಬಾಗಿದ್ದರೆ ಬೇಡ. ಆಮೇಲೆ ಮೂಗು. ನೀರಿನಿಂದ ಈಗಷ್ಟೇ ಬಂದ ಮೀನು ಮೀನಿನ ವಾಸನೆ ಹೊಡೆಯುವುದಿಲ್ಲ, ಎಳೆ ಸೌತೆಕಾಯಿ ಮುರಿದ ವಾಸನೆ ಹೊಡೆಯುತ್ತದೆ. ಆ ವಾಸನೆ ಹತ್ತಿದಾಗ ಅವಳ ತುಟಿಯ ಒಂದು ಮೂಲೆ ಮೇಲೇಳುತ್ತದೆ. ಉಸ್ಮಾನ ಮಿಯಾ ಆ ತುಟಿಯನ್ನೇ ಕಾಯುತ್ತಿರುತ್ತಾನೆ.

"ಆಪಾ ನಕ್ಕಳು ಅಂದ್ರ ನನ್ನ ರಾತ್ರಿ ಕೆಲಸ ಪಾಸಾತು," ಎನ್ನುತ್ತಾನೆ ಅವನು.

ಒಂದೊಂದು ಮೀನಿಗೂ ಒಂದೊಂದು ಸ್ವಭಾವ ಎಂದು ಅವಳು ಹೇಳುತ್ತಾಳೆ. ಕಟ್ಲಾಕ್ಕೆ ತಲೆಯೇ ರುಚಿ. ತಲೆಯ ಕೊಬ್ಬು ಸಾರಿಗೆ ಇಳಿದರೆ ಎಣ್ಣೆ ಬೇಡ. ರೋಹು ಸಿಹಿ, ಆದರೆ ಮುಳ್ಳು ಕವಲೊಡೆದಿರುತ್ತವೆ, ಅವಸರದವರಿಗೆ ಅದು ಆಗದು. ಕೆರೆಗೆ ಬಿಟ್ಟು ಹಿಟ್ಟು ತಿನ್ನಿಸಿ ಬೆಳೆಸಿದ್ದು ಬೇಯಿಸಿದರೆ ನೆನೆದ ರೊಟ್ಟಿಯಂತೆ ಬಾಯಲ್ಲಿ ಕುಸಿಯುತ್ತದೆ. ಇವೆಲ್ಲದರ ಮೇಲೆ ಮರಲ ಮೀನು: ಹಾವಿನ ತಲೆ, ಕಪ್ಪು ಬೆನ್ನು. ನೀರಿನಿಂದ ತೆಗೆದರೂ ಹಸಿ ಚೀಲದಲ್ಲಿ ಮಧ್ಯಾಹ್ನದ ತನಕ ಜೀವ ಹಿಡಿದಿರುತ್ತದೆ. ಬೂದಿ ಹಾಕಿ ತಿಕ್ಕಿ ಲೋಳೆ ತೆಗೆಯದಿದ್ದರೆ ಕೈಯಲ್ಲಿ ನಿಲ್ಲುವುದಿಲ್ಲ. ಒಂದೇ ಮುಳ್ಳಿನ ಸಾಲು. ಬೆಂದ ಮಾಂಸ ಬೆಳ್ಳಗೆ, ಬಿಗಿಯಾಗಿ, ಬೆರಳು ತಾಗಿಸಿದರೆ ಮಲ್ಲಿಗೆಯ ಎಸಳಿನಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಭಾಲ್ಕಿಯ ಮಂದಿ ಮದುವೆಗೆ ಹೆಣ್ಣು ನೋಡಲು ಬರುವವರಿಗೆ, ಬಾಣಂತಿಗೆ, ಮೊದಲ ಸಲ ಮನೆಗೆ ಬಂದ ಅಳಿಯನಿಗೆ ಮರಲ ಮೀನೇ ಬೇಕೆನ್ನುತ್ತಾರೆ. ಅದನ್ನು ಒಯ್ಯುವುದು ಕೇಶರಬಾಯಿಯ ಬುಟ್ಟಿಯಿಂದ.

ಇದೆಲ್ಲ ಅವಳಿಗೆ ಬಂದದ್ದು ಔರಾದ ತಾಲ್ಲೂಕಿನ ತವರಿನಲ್ಲಿ, ಮಾಂಜ್ರಾ ನದಿಯ ಮಗ್ಗುಲಿಗೆ, ತಾಯಿಯ ಬೆನ್ನ ಹಿಂದೆ ನಿಂತು. ತಾಯಿ ಒಂದು ಮಾತು ಹೇಳುತ್ತಿದ್ದಳು: ಮರಲ ಮೀನು ತತ್ತಿ ಇಟ್ಟ ಮೇಲೆ ಮರಿಗಳನ್ನು ಕಾಯುವುದು ಗಂಡು. ಕೆಂಪು ಮರಿಗಳ ಹಿಂಡು ಎಲ್ಲಿ ಹೋದರೆ ಅದರ ಕೆಳಗೆ ಅವನ ನೆರಳು. ಮರಿ ಕಾಯುವ ಮೀನಿಗೆ ಗಾಳ ಹಾಕಬಾರದು.

ಈ ಮಾತನ್ನು ಕೇಶರಬಾಯಿ ಗಂಡನಿಗೆ ಹೇಳದ ವರ್ಷವಿಲ್ಲ.

"ಕೇಳಿದ್ರೇನ್ರಿ? ಮೀನಿನ್ಯಾಗ ಗಂಡಸರು ಕೂಸು ಆಡಸ್ತಾವ."

"ಅದಕ್ಕ ಮಾತ ಬರಂಗಿಲ್ಲ," ಎನ್ನುತ್ತಾನೆ ಪಂಢರಿ ಚಹಾ ಹೀರುತ್ತ. "ಬಂದಿದ್ರ ಅದೂ ಒಲ್ಲೆ ಅಂತಿತ್ತು."

ಪಂಢರಿ ಬೀದರದ ಗಾಂಧಿ ಗಂಜಿನ ಕಾಳುಕಡಿ ಪೇಟೆಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವನು. ತೊಗರಿ, ಕಡಲೆ, ಉದ್ದಿನ ಚೀಲಗಳು ಅವನ ಬೆನ್ನನ್ನು ತಿಂದುಹಾಕಿವೆ. ಈಗ ಮನೆಯಲ್ಲಿರುತ್ತಾನೆ. ಒಳ್ಳೆಯ ಮನುಷ್ಯ, ಕೈ ಎತ್ತಿದವನಲ್ಲ, ಕುಡಿದವನಲ್ಲ, ಭಾನುವಾರ ಬುದ್ಧ ವಿಹಾರಕ್ಕೆ ಹೋಗಿ ಎಲ್ಲರ ಜತೆ ಕೂತು ಬರುವವನು. ಮನೆಗೆ ಬಂದು ಮೂರು ವರ್ಷಗಳಲ್ಲಿ ಚಹಾ ಮಾಡುವುದನ್ನು ಕಲಿತಿದ್ದಾನೆ. ಅದನ್ನು ಓಣಿಯವರೆಲ್ಲ ಹೊಗಳುತ್ತಾರೆ. ಕೇಶರಬಾಯಿ ಮಾಡಿದ ಚಹಾವನ್ನು ಯಾರಾದರೂ ಹೊಗಳಿದ್ದು ಅವಳಿಗೆ ನೆನಪಿಲ್ಲ.

ಮೀನು ಬೆಂದ ದಿನ ಮನೆಯಲ್ಲಿ ನಡುತುಂಡು ಪಂಢರಿಗೆ, ಇನ್ನೊಂದು ಮಗ ಉತ್ತಮನಿಗೆ ಹೋಗುತ್ತಿತ್ತು. ಅವಳಿಗೆ ಬಾಲ. ಬಾಲದ ಮಾಂಸವೇ ಹೆಚ್ಚು ರುಚಿ ಎಂದು ಅವಳು ಹೇಳುತ್ತ ಬಂದಳು, ಹೇಳುತ್ತ ಹೇಳುತ್ತ ಅದು ಅವಳಿಗೂ ನಿಜವೆನಿಸಿತು.

ಉತ್ತಮ ಬೀದರದಲ್ಲಿ ಬೇರೆಯವರ ಹೋಟೆಲಿನಲ್ಲಿ ಹತ್ತು ವರ್ಷ ದುಡಿದವನು. ಅವನ ಹೆಂಡತಿ ವಿಶಾಖಾ ಆಸ್ಪತ್ರೆಯಲ್ಲಿ ನರ್ಸ್. ಈ ಬೇಸಿಗೆಯಲ್ಲಿ ಅವನು ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದ. ಬೋರ್ಡು ಬರೆಸಿದ: ಉತ್ತಮ ಮೀನು ಖಾನಾವಳಿ. ಬೋರ್ಡಿನ ಮೇಲೆ ಬಾಲ ಎತ್ತಿದ ಮೀನು, ಅದರ ಕೆಳಗೆ ‘ಮನೆಯ ಕೈ ರುಚಿ’ ಎಂಬ ಅಕ್ಷರಗಳು. ಆ ಕೈ ಯಾರದು ಎಂದು ಬರೆದಿರಲಿಲ್ಲ.

ಭಾಲ್ಕಿಗೆ ಬಂದು ಅವನು ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಆಯಿ, ಎಷ್ಟ ದಿನಾ ಅಂತ ಬಿಸಲಾಗ ಕೂತು ಮೀನ ಮಾರ್ತಿ? ಬೀದರಕ್ಕ ಬಂದುಬಿಡು. ಬಾಬಾನ್ನೂ ಕರ್ಕೊಂಡು ಬಾ. ಹೋಟೆಲ್ ನಿಂದೇ. ನೀ ಒಲಿ ಮುಂದ ನಿಂತಿ ಅಂದ್ರ ಮುಗೀತು, ಉಳದದ್ದೆಲ್ಲಾ ನಾ ನೋಡ್ಕೋತೇನಿ."

"ಮೀನ ಯಾರ ತರೋರು?"

"ಮೀನಿಗೇನ ಬಂತು, ಮುಂಜಾನೆ ಗಾಡಿ ಬರ್ತದ, ಡಬ್ಬಿ ಇಳಿಸಿ ಹೋಗ್ತದ. ರುಚಿ ಇರೋದು ನಿನ್ನ ಮಸಾಲಿಯೊಳಗ ಆಯಿ. ಮೀನ ಎಲ್ಲಾ ಕಡಿ ಸಿಗ್ತದ."

ಕೇಶರಬಾಯಿ ಮಗನ ಮುಖ ನೋಡಿದಳು. ಹಣೆಯ ಮೇಲೆ ಬೆವರು, ಕಣ್ಣುಗಳಲ್ಲಿ ಹೊಸ ಮಳಿಗೆಯ ಹೊಳಪು. ಅವನು ಚಿಕ್ಕವನಿದ್ದಾಗ ಶಾಲೆಯ ಬಹುಮಾನದ ಲೋಟ ತಂದು ತೋರಿಸಿದಾಗ ಇದೇ ಮುಖ.

"ಮಿರಗದ ತನಕ ಬರ್ತೇನಿ," ಎಂದಳು. "ಆಮ್ಯಾಲ ನೋಡೂಣು."

ಜೂನ್ ಮೊದಲ ವಾರ ಕಳೆದು ಮೃಗಶಿರಾ ಮಳೆ ಕೂಡುವ ದಿನವೇ ಮಿರಗ. ಆ ದಿನ ಮೀನು ತಿಂದರೆ ಮಳೆಗಾಲದ ಕೆಮ್ಮು ದಮ್ಮು ಹತ್ತಿರ ಸುಳಿಯುವುದಿಲ್ಲ ಎಂದು ಈ ಕಡೆಯ ಜನ ನಂಬುತ್ತಾರೆ. ವರ್ಷವಿಡೀ ಮೀನು ಮುಟ್ಟದವರೂ ಅಂದು ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಹೋಟೆಲು ಶುರು ಮಾಡಲು ಅದಕ್ಕಿಂತ ಒಳ್ಳೆಯ ದಿನಗಳಿಲ್ಲ. ಲೆಕ್ಕ ಹಾಕಿದರೆ, ಮಿರಗದ ಮರುದಿನಕ್ಕೆ ಅವಳು ದಂಡೆ ಬಿಟ್ಟು ಒಂದು ವಾರ ತುಂಬುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಉಸ್ಮಾನ ಮಿಯಾನಿಗೆ ಹೇಳಬೇಕಿರಲಿಲ್ಲ, ಅವನು ದಂಡೆಯವನು.

ಬೀದರದ ಖಾನಾವಳಿಯ ಅಡುಗೆಮನೆಗೆ ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ ಮುಖ ಮಾಡಿದ್ದು. ಬೆಳಿಗ್ಗೆ ಗಾಡಿ ಬಂದು ಡಬ್ಬಿ ಇಳಿಸುತ್ತಿತ್ತು. ಮುಚ್ಚಳ ತೆಗೆದರೆ ಐಸಿನಲ್ಲಿ ಮಲಗಿದ ಮೀನುಗಳು, ಯಾವ ನೀರಿನವೋ, ಯಾವಾಗ ಸತ್ತವೋ. ಅವಳು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ತಗ್ಗು ಹಾಗೇ ಉಳಿಯುತ್ತಿತ್ತು. ಬೇಡ ಎನ್ನಲು ಅಲ್ಲಿ ಇನ್ನೊಂದು ರಾಶಿ ಇರಲಿಲ್ಲ. ಹಾಗಾಗಿ ಅರೆಯುತ್ತಿದ್ದಳು: ಒಣಕೊಬ್ಬರಿ, ಎಳ್ಳು, ಹುರಿದ ಶೇಂಗಾ, ಬೆಳ್ಳುಳ್ಳಿ, ಕೊತ್ತಂಬರಿ, ಖಾರ. ಹುಣಸೆಹುಳಿ ಒಂದು ಕೈ ಹೆಚ್ಚು. ಇಷ್ಟನ್ನು ಕುಸುಬೆ ಎಣ್ಣೆಯಲ್ಲಿ ಹುರಿದರೆ ಯಾವ ಮೀನಾದರೂ ತನ್ನ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಜನ ಬಂದರು. ತಿಂದರು. ಬೆರಳು ನೆಕ್ಕಿದರು ಎಂದು ಉತ್ತಮ ಒಳಗೆ ಬಂದು ಹೇಳಿದ. ಅವಳಿಗೆ ಕಾಣುತ್ತಿದ್ದದ್ದು ಹಿಂದಿರುಗಿ ಬಂದ ತಟ್ಟೆಗಳು ಮಾತ್ರ.

ಪಂಢರಿ ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ. ಗಾಂಧಿ ಗಂಜಿನ ಹಳೆಯ ಗೆಳೆಯರು ಬಂದಾಗ, "ಬರ್ರಿ ಬರ್ರಿ, ನಮ್ಮ ಹೋಟೆಲ್," ಎನ್ನುತ್ತಿದ್ದ. ಆ ‘ನಮ್ಮ’ ಕೇಳಿದಾಗ ಕೇಶರಬಾಯಿಗೆ ಒಳಗಿನಿಂದಲೇ ನಗು ಬರುತ್ತಿತ್ತು. ಪಾಪ, ಜನ್ಮವಿಡೀ ಬೇರೆಯವರ ಚೀಲ ಹೊತ್ತವನು, ಈಗೊಂದು ಕುರ್ಚಿ ಸಿಕ್ಕಿದೆ, ಕೂತುಕೊಳ್ಳಲಿ.

ವಿಶಾಖಾ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮಿನಲ್ಲೇ ಪಾತ್ರೆ ತೊಳೆಯಲು ಕೂತಳು. ಒಂದು ಸಂಜೆ ಇಬ್ಬರೂ ಹುಣಸೆಯ ಹಿಪ್ಪೆಯಿಂದ ಕೈ ತಿಕ್ಕಿಕೊಳ್ಳುತ್ತಿದ್ದರು.

"ಅತ್ತಿ, ನಾ ಒಂದ್ ಮಾತ ಕೇಳ್ಲೇನ್ರಿ? ನಿಮಗ ಇಲ್ಲಿ ಬೇಸರ ಆಗೇದಲ್ಲ?"

"ನನಗ್ಯಾಕ ಬೇಸರ? ಮಗನ ಮನಿ."

"ಮಗನ ಮನಿ ಅಲ್ರಿ, ಮಗನ ಹೋಟೆಲ್. ನಾ ದವಾಖಾನ್ಯಾಗ ಎಂಟ ತಾಸ ಮಾಡಿದ್ರ ಡ್ಯೂಟಿ ಅಂತಾರ. ನಿಮ್ಮದಕ್ಕ ಏನಂತಾರ?"

"ಆಯಿ ಅಂತಾರ," ಎಂದು ಕೇಶರಬಾಯಿ ನಕ್ಕಳು.

ವಿಶಾಖಾ ನಗಲಿಲ್ಲ. "ಅವ್ರಿಗೆ ನಾ ಹೇಳ್ತೇನಿ ಬೇಕಾದ್ರ."

"ಬ್ಯಾಡ. ನೀ ಹೇಳಿದ್ರ ಹೆಂಡ್ತಿ ಮಾತ ಅಂತಾನ. ಬಾಬಾ ಹೇಳಿದ್ರ ಗಂಡಸರ ಮಾತ ಅಂತಾನ. ಹೇಳೋದಿದ್ರ ನಾನೇ ಹೇಳ್ತೇನಿ."

ಆದರೆ ಏನು ಹೇಳಬೇಕೆಂದು ಅವಳಿಗೇ ತಿಳಿದಿರಲಿಲ್ಲ. ಮಗ ಕಷ್ಟಪಟ್ಟು ಮೇಲೇಳುತ್ತಿದ್ದಾನೆ. ಆ ಮೇಲೇಳುವಿಕೆಯ ಕೆಳಗೆ ತಾಯಿ ನಿಲ್ಲದಿದ್ದರೆ ಯಾರು ನಿಲ್ಲಬೇಕು? ಹೀಗೆ ಕೇಳಿದರೆ ಉತ್ತರ ಒಂದೇ. ಬೇರೆ ಥರ ಕೇಳಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮಿರಗದ ಹಿಂದಿನ ದಿನ ಉತ್ತಮ ಎಲ್ಲಿಗೋ ಹೋಗಿ ಮುಸ್ಸಂಜೆಗೆ ಬಂದ. ಟೆಂಪೋದಿಂದ ಎರಡು ದೊಡ್ಡ ಡ್ರಮ್ಮು ಇಳಿಸಿದ. ಬಟ್ಟೆಯೆಲ್ಲ ಒದ್ದೆ, ಮುಖದಲ್ಲಿ ಗುಟ್ಟು ಹಿಡಿದಿಡಲಾಗದ ನಗು.

"ಆಯಿ, ಕಣ್ಣ ಮುಚ್ಚು. ಔರಾದಕ್ಕ ಹೋಗಿದ್ದೆ. ನಿನ್ನ ತವರಿನ ಮೀನ! ಮಾಂಜ್ರಾದ ಮರಲ. ನೀ ಡಬ್ಬಿ ಮೀನ ನೋಡಿ ಮುಖ ಕಿವುಚ್ತಿದ್ದಿ, ನಾ ನೋಡಿಲ್ಲಂತ ತಿಳದೇನು? ದಂಡಿ ಮ್ಯಾಲ ನಿಂತು ನಾನೇ ಆರಿಸೇನಿ. ಇದ್ದದ್ರಾಗ ದೊಡ್ಡವು, ದಪ್ಪನ್ನವು."

ಅವಳು ಡ್ರಮ್ಮಿನಲ್ಲಿ ಕೈ ಇಳಿಸಿದಳು. ಜೀವಂತ ಮೀನು ಅಂಗೈಯಲ್ಲಿ ಹೊರಳಿತು. ಎಷ್ಟು ದಿನಗಳ ಮೇಲೆ! ಆ ಹೊರಳಿಗೆ ಅವಳ ಎದೆಯೂ ಹೊರಳಿತು. ಮರುಕ್ಷಣ ಅವಳ ಬೆರಳು ಮೀನಿನ ಹೊಟ್ಟೆಗೆ ಹೋಯಿತು. ಹೊಟ್ಟೆ ಉಬ್ಬಿ ಮೆತ್ತಗಿತ್ತು. ಇನ್ನೊಂದು ಎತ್ತಿದಳು. ಮತ್ತೊಂದು. ಎಲ್ಲವೂ ಹೆಣ್ಣು, ಎಲ್ಲವೂ ತತ್ತಿ ತುಂಬಿದವು.

ಮಿರಗದ ಹೊತ್ತಿಗೆ ಹೀಗೆ ಮೋಸ ಹೋಗುವುದು ಸುಲಭ. ಮೊದಲ ಮಳೆಯ ವಾಸನೆಗೆ ಮೀನು ತತ್ತಿ ತುಂಬಿಕೊಳ್ಳುತ್ತದೆ, ತೂಕ ಬರುತ್ತದೆ, ನೋಡಲು ಭರ್ತಿ ಕಾಣುತ್ತದೆ. ಅದರ ಸತ್ವವೆಲ್ಲ ತತ್ತಿಗೆ ಇಳಿದು, ಬೆನ್ನಿನ ಮಾಂಸ ಸಡಿಲಾಗಿ ನೀರು ನೀರಾಗಿರುತ್ತದೆ. ಮಿರಗದಂದು ಆರಿಸಬೇಕಾದದ್ದು ಗೇಣುದ್ದದ ಸಣ್ಣ ಮೀನು, ಹೊಟ್ಟೆ ಬೆನ್ನಿಗೆ ಅಂಟಿದ್ದು. ಅದನ್ನು ಅವಳು ತಾಯಿಯಿಂದ ಕಲಿತಿದ್ದಳು, ಮಗನಿಗೆ ಕಲಿಸಿರಲಿಲ್ಲ. ಅವನು ಗಂಡುಹುಡುಗ, ತಿನ್ನುವವನು, ಅವನಿಗ್ಯಾಕೆ ಎಂದು ಅವಳಿಗೂ ಅನ್ನಿಸಿತ್ತಲ್ಲ.

"ಹ್ಯಾಂಗ ಅವ ಆಯಿ?"

"ಥೇಟ್ ನಿಮ್ಮಪ್ಪ ಗಂಜದಾಗ ಚೀಲ ಆರಿಸಿದಂಗ ಆರಿಸೀ," ಎಂದಳು. "ಬರೇ ತೂಕ ನೋಡಿ."

ಅವನಿಗೆ ಅದು ಹೊಗಳಿಕೆಯಂತೆ ಕೇಳಿತು. ಅವಳು ತಿದ್ದಲಿಲ್ಲ. ಅಷ್ಟು ದೂರ ಹೋಗಿ, ತವರಿನ ನೀರಿನಿಂದ ಅವಳಿಗಾಗಿ ತಂದಿದ್ದಾನೆ. ಆ ಒದ್ದೆ ಅಂಗಿಯ ಮೇಲೆ ಆ ಹೊತ್ತಿಗೆ ಏನು ತಿದ್ದುವುದು?

ಮಿರಗದ ದಿನ ಖಾನಾವಳಿಯ ಮುಂದೆ ಜನ ಬೀದಿಯ ತನಕ ನಿಂತರು. ಕೇಶರಬಾಯಿ ಬೂದಿ ಹಾಕಿ ತಿಕ್ಕಿದಳು, ಕೊಯ್ದಳು, ತತ್ತಿಯ ಗೊಂಚಲು ಬೇರೆ ತೆಗೆದು ಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿದಳು. ಮಾಂಸಕ್ಕೆ ಉಪ್ಪು ಸವರಿ, ನೀರು ಬಿಟ್ಟುಕೊಂಡ ಮೇಲೆ ಬಟ್ಟೆಯಲ್ಲಿ ಒತ್ತಿ, ಸಾರನ್ನು ಗಟ್ಟಿ ಮಾಡಿದಳು. ಅವಳಿಗೆ ತಿಳಿದಿದ್ದನ್ನೆಲ್ಲ ಸುರಿದಳು. ಹೊರಗೆ ಉತ್ತಮನ ದನಿ, ಪಂಢರಿಯ ನಗು, ತಟ್ಟೆಗಳ ಸಪ್ಪಳ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು.

ಮಧ್ಯಾಹ್ನದ ಗದ್ದಲ ಇಳಿಯುವಾಗ ಒಬ್ಬ ಮನುಷ್ಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಗೌಸೋದ್ದೀನ. ಬೀದರದ ಆಟೋದವನು, ಅತ್ತೆಯ ಮನೆ ಭಾಲ್ಕಿಯಲ್ಲಿದ್ದುದರಿಂದ ಅವಳ ಬುಟ್ಟಿಯ ಹಳೆಯ ಗಿರಾಕಿ.

"ಸಲಾಂ ಖಾಲಾ. ಒಳಗ ನೀವೇ ಇದ್ದೀರಿ ಅಂತ ಸಾರು ಬಾಯಿಗಿಟ್ಟಾಗೇ ಗೊತ್ತಾತು."

"ಉಂಡ್ರ್ಯಾ? ಹ್ಯಾಂಗಿತ್ತು?"

"ಮಸಾಲಿ ಜಬರ್ದಸ್ತ್!" ಎಂದ ಅವನು. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ದನಿ ತಗ್ಗಿಸಿದ. "ಸಿಟ್ಟಾಗಬ್ಯಾಡ್ರಿ ಖಾಲಾ. ಭಾಲ್ಕಿದಾಗ ನಿಮ್ಮ ಮೀನ ಒಯ್ದು ನಮ್ಮಾಕಿ ಬರೇ ಉಪ್ಪು ಅರಿಷಿಣ ಹಾಕಿ ಕುದಸ್ತಿದ್ಲು. ಆಕಿಗೆ ಅಡಗಿ ಬರಂಗಿಲ್ಲ, ಅಲ್ಲಾನ ಸಾಕ್ಷಿ. ಆದ್ರೂ ಇದಕ್ಕಿಂತ ರುಚಿ ಇರ್ತಿತ್ತು. ಅದ್ಯಾಕ?"

"ನಿಮ್ಮಾಕಿಗೆ ಅಡಗಿ ಬರ್ತದ, ನಿಮಗ ಹೊಗಳ್ಲಿಕ್ಕ ಬರಂಗಿಲ್ಲ," ಎಂದಳು ಕೇಶರಬಾಯಿ.

ಅವನು ನಗುತ್ತ ಹೋದ. ಅವನ ಪ್ರಶ್ನೆ ಹೋಗಲಿಲ್ಲ.

ಎಲ್ಲರೂ ಅವಳ ಕೈಯ ಗುಣ ಎನ್ನುತ್ತಿದ್ದರು: ಮಗ, ಗಂಡ, ಬೋರ್ಡು ಬರೆದವನು. ಅವಳೂ ನಂಬಿದ್ದಳು. ಒಲೆಯ ಮುಂದೆ ನಿಂತದ್ದನ್ನು ಜನ ನೋಡುತ್ತಾರೆ, ಅದಕ್ಕೆ ಒಂದು ಹೆಸರು ಕೊಡುತ್ತಾರೆ. ಒಲೆಗೆ ಬರುವ ಮೊದಲಿನದಕ್ಕೆ ಹೆಸರಿಲ್ಲ. ಯಾವುದನ್ನು ಬೇಡ ಎನ್ನಬೇಕು, ಯಾವುದಕ್ಕೆ ಕಾಯಬೇಕು, ಯಾವ ಗಾಳಿಗೆ ಯಾವ ಮೀನು ಕೆಸರು ತಿಂದಿರುತ್ತದೆ: ಅದನ್ನೆಲ್ಲ ಅವಳು ಕತ್ತಲಲ್ಲಿ, ಒಬ್ಬಳೇ, ಜೀಪಿನಿಂದ ಇಳಿದು ಮಾಡುತ್ತಿದ್ದಳು. ಅವಳ ಮಗನ ಖಾನಾವಳಿಗೆ ಬೇಕಾದ ರುಚಿ ಅಲ್ಲಿತ್ತು. ಅವನು ಮಾತ್ರ ಅವಳನ್ನು ಅಲ್ಲಿಂದ ಎಬ್ಬಿಸಿ ಇಲ್ಲಿ ತಂದು ನಿಲ್ಲಿಸಿದ್ದ, ಪ್ರೀತಿಯಿಂದಲೇ. ಹೀಗೆ ನಿಂತದ್ದರಿಂದ ಇಬ್ಬರಿಗೂ ನಷ್ಟ.

ಉತ್ತಮ ಒಳಗೆ ಇಣುಕಿದ. "ಆಯಿ, ಸಂಜಿಗಿ ಇದರ ದುಪ್ಪಟ್ಟ ಮಂದಿ ಬರ್ತಾರ. ನಾ ಹೋಗಿ ಮೀನ, ಎಣ್ಣಿ ತರ್ತೇನಿ. ಮತ್ತ ನಾಳೆಯಿಂದ ನಿನ್ನ ಹಾಸಗಿ ಇಲ್ಲೇ ಮ್ಯಾಲಿನ ಖೋಲಿಗೆ ಹಾಕಸ್ತೇನಿ, ಮನಿಗೆ ಹೋಗಿ ಬರೋ ತ್ರಾಸ ತಪ್ಪತದ." ಉತ್ತರಕ್ಕೆ ಕಾಯದೆ ಗಾಡಿ ಹತ್ತಿದ. ಪಂಢರಿ ಗೆಳೆಯರ ಜತೆ ಎಲೆಯಡಿಕೆ ಹಾಕಿಕೊಳ್ಳಲು ಗಂಜಿನ ಕಡೆ ಹೋಗಿದ್ದ. ವಿಶಾಖಾ ಡ್ಯೂಟಿಯಲ್ಲಿದ್ದಳು.

ಫೋನು ಬಂತು. ಉಸ್ಮಾನ ಮಿಯಾ.

"ಆಪಾ, ಮಿರಗ ಹ್ಯಾಂಗಾತು? ಇಲ್ಲಿ ಸುಮನ ಎದೀ ಮ್ಯಾಲ ಕೂತಾಳ. ನಾಳೆಗೆ ವಾರ ತುಂಬತದಂತ. ಮೊದಲ ಕೈ ಆಕಿಗೆ ಕೊಡ್ಲೇನು? ನೀವು ಬೀದರದಾಗೇ ಇರ್ತೀರಂತ ಊರೆಲ್ಲಾ ಮಾತಾಗೇದ."

"ಊರಿಗೆ ಯಾರ ಹೇಳಿದ್ರು?"

"ಪಂಢರಿ ಭಾಯೀನೇ ಹೇಳಿದ್ನಂತ."

ಅವಳಿಗೆ ನಗು ಬಂತು. ಎಲ್ಲರೂ ಅವಳ ಪರವಾಗಿ ನಿರ್ಧಾರ ಮಾಡಿ ಮುಗಿಸಿದ್ದರು. ಅವಳ ಗಂಡ, ಅವಳ ಮಗ, ಭಾಲ್ಕಿಯ ಊರು. ಅವಳೊಬ್ಬಳದು ಬಾಕಿ ಇತ್ತು.

"ಸ್ವಲ್ಪ ನಿಂದರ್ರಿ, ಮತ್ತ ಫೋನ್ ಹಚ್ತೇನಿ," ಎಂದಳು.

ಸಂಜೆಗೆ ಬೇಕಾದ ಮಸಾಲೆಯನ್ನು ಅರೆದು ಮುಗಿಸಿದಳು. ಅದನ್ನು ಅರ್ಧಕ್ಕೆ ಬಿಡುವುದು ಅವಳಿಂದಾಗದು. ಡಬ್ಬಿಗೆ ತುಂಬಿ ಮೇಲೆ ಎಣ್ಣೆ ಸುರಿದು ಮುಚ್ಚಿದಳು. ಒಲೆ ಆರಿಸಿದಳು. ಉಳಿದಿದ್ದ ಸಾರಿನಲ್ಲಿ ರೊಟ್ಟಿ ಮುರಿದು, ಖಾಲಿಯಾದ ಮೇಜಿಗೆ ಬಂದು ಕೂತು, ಬೀದಿ ನೋಡುತ್ತ ಉಂಡಳು. ಮಳೆ ಹನಿಯತೊಡಗಿತ್ತು. ನಾಳೆ ಹಿನ್ನೀರಿಗೆ ಹೊಸ ನೀರು ಬಂದಿರುತ್ತದೆ. ದಡದ ಮೀನು ಕೆಸರು ನಾರುತ್ತದೆ, ನಡುನೀರಿನದೇ ಬೇಕು ಎಂದು ಉಸ್ಮಾನನಿಗೆ ಹೇಳಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ಉಳಿದದ್ದು ತಾನೇ ತೀರ್ಮಾನವಾದಂತಿತ್ತು. ಮಗ ಬೇಸರಪಡುತ್ತಾನೆ. ಸಂಜೆಗೆ ಸಿಟ್ಟೂ ಮಾಡುತ್ತಾನೆ. ಆ ಸಿಟ್ಟನ್ನು ಆರಿಸಲು ತಾನು ಎದುರಿಗೆ ಇರಬಾರದು, ಇದ್ದರೆ ಕರಗುತ್ತಾಳೆ.

ಫೋನು ಹಚ್ಚಿದಳು.

"ಮಿಯಾ, ಸುಮನಗ ಹೇಳ್ರಿ, ಇನ್ನೂ ಬೇಡ್ಕೋಬೇಕಂತ. ನಾಳೆ ನಾ ಬರ್ತೇನಿ. ದೋಣಿ ನಡುನೀರಿಗೆ ಒಯ್ರಿ."

"ಮತ್ತ ಹೋಟೆಲ್, ಆಪಾ?"

"ನಾ ಆರಿಸಿದ್ದರಾಗ ಎರಡ ಪಾಲು ಮಾಡೂಣು. ಒಂದು ನನ್ನ ಬುಟ್ಟಿಗೆ. ಒಂದು ಮುಂಜಾನಿ ಬಸ್ಸಿಗೆ ಹಾಕ್ತೇನಿ, ಉತ್ತಮಗ. ಇಡೀ ಮೀನ, ಜೀವ ಇದ್ದದ್ದು. ಕೊಯ್ಯಂಗಿಲ್ಲ, ತಿಕ್ಕಂಗಿಲ್ಲ."

"ಅಲ್ಲಿ ತಿಕ್ಕೋರು ಯಾರು?"

"ಅವಗೂ ಎರಡ ಕೈ ಅವ. ಅವರಪ್ಪಗೂ ಎರಡ."

ಉಸ್ಮಾನ ಮಿಯಾ ಆ ಕಡೆ ಏನೋ ಹೇಳಿ ನಕ್ಕ. ಅವಳು ಫೋನು ಇಟ್ಟು, ಬೀಗದ ಕೈಯನ್ನು ಪಕ್ಕದ ಸೈಕಲ್ ಅಂಗಡಿಯ ಅಬ್ದುಲ ಅಜೀಜನಿಗೆ ಕೊಟ್ಟಳು. "ಉತ್ತಮ ಬಂದ್ರ ಕೊಡ್ರಿ. ಮಸಾಲಿ ಡಬ್ಬಿದಾಗ ಅದ, ಎಣ್ಣಿ ಕಾದ ಮ್ಯಾಲ ಹಾಕಬೇಕಂತ ಹೇಳ್ರಿ. ಏನರೆ ತಿಳೀಲಿಲ್ಲಂದ್ರ ಫೋನ್ ಹಚ್ಚಲಿ."

ಬಸ್‌ಸ್ಟ್ಯಾಂಡಿನಲ್ಲಿ ಭಾಲ್ಕಿಯ ಬಸ್ಸು ಹೊರಡಲು ಗುರುಗುಡುತ್ತಿತ್ತು. ಸೆರಗಿನಿಂದ ಮಳೆ ಒರೆಸಿಕೊಳ್ಳುತ್ತ ಹತ್ತಿದಳು. ಕಂಡಕ್ಟರು ಟಿಕೆಟ್ಟಿನ ಮಷೀನು ಹಿಡಿದು ಬಂದ.

"ಎಷ್ಟ ಮಂದಿ ಇದ್ದೀರಿ ಅವ್ವಾರ? ಯಜಮಾನ್ರು ಹತ್ತೋರದಾರೇನು? ನಿಲ್ಲಿಸಬೇಕೇನ್ರಿ?"

"ಅವರು ಇಲ್ಲೇ ಹೋಟೆಲ್ನಾಗ ಇರ್ತಾರ, ಅವರಿಗೆ ಕೆಲಸ ಅದ," ಎಂದಳು ಕೇಶರಬಾಯಿ. "ನಾ ಒಬ್ಬಾಕಿನೇ. ಬಿಡ್ರಿ ಗಾಡಿ."